ಆರು ಇಂಚು ಗುಂಡಿ

ಹೋದ ವರ್ಷ ಸೋಣ ತಿಂಗಳಲ್ಲಿ, ಓಣಂಗೆ ಇನ್ನೊಂದು ವಾರ ಉಂಟು ಅನ್ನುವಾಗ, ಕಾಸರಗೋಡಿನ ಪೈವಳಿಕೆ ಕಡೆಯ ಒಂದು ಪದವಿನಲ್ಲಿ, ಅಂದ್ರೆ ಗುಡ್ಡದ ಮೇಲಿನ ಬಯಲಲ್ಲಿ, ಗಿಡಗಳ ಲೆಕ್ಕ ತೆಗೀಲಿಕ್ಕೆ ಅಂತ 11 ಮಕ್ಕಳನ್ನು ಸೇರಿಸಿದ್ರು. ಮಕ್ಕಳು ಅಂದ್ರೆ 19-20 ಪ್ರಾಯದವರು, ಕೆಲವರು ಕಾಲೇಜು, ಕೆಲವರು ಕಾಲೇಜು ಬಿಟ್ಟವರು. ಮೂರು ವಾರದ ಕೆಲಸ. ಮೊದಲ ದಿನ ಅವರಿಗೆ ಗುಡ್ಡದಲ್ಲಿ ಹೇಗಿರಬೇಕು ಅಂತ ಹೇಳಿಕೊಡುದು ನನ್ನ ಪಾಲಿಗೆ ಬಂತು, ಯಾಕಂದ್ರೆ ಬೆಂಗಳೂರಲ್ಲಿರುವಾಗ ಏಳೆಂಟು ವರ್ಷ ಟ್ರೆಕಿಂಗ್ ಅಂತ ತಿರುಗಿದವಳು ನಾನು, ಕಾಡು ಗುಡ್ಡಕ್ಕೆ ಹೋದವರು ಏನೂ ಹಾಳು ಮಾಡದೆ ಬರಬೇಕು ಅನ್ನುವ ಲೀವ್ ನೋ ಟ್ರೇಸ್‌ನ 7 ನಿಯಮ ಬಾಯಿಪಾಠ.

ಅದನ್ನು ಕನ್ನಡದಲ್ಲಿ ಎಂತ ಹೇಳುದು ಅಂತಲೇ ರಾತ್ರಿ ಇಡೀ ತಲೆಬಿಸಿ. 'ಕುರುಹು ಬಿಡಬೇಡಿ' ಅಂದ್ರೆ ಕಳ್ಳರಿಗೆ ಪಾಠ ಮಾಡಿದ ಹಾಗೆ ಆಗ್ತದೆ. ಕಡೆಗೆ 'ನಾವು ಬಂದು ಹೋದದ್ದು ಗೊತ್ತಾಗಬಾರ್ದು' ಅಂತ ಶುರು ಮಾಡಿದೆ. ಹಿಂದಿನಿಂದ ಒಬ್ಬ, "ಹಂದಿ ಬೇಟೆಗೆ ಹೋಗುವವರು ಸಹ ಹೀಗೇ ಹೇಳುದು ಅಕ್ಕ" ಅಂದ. ಮುಗೀತಲ್ಲ, ಹತ್ತು ನಿಮಿಷ ನಗು.

ಎರಡನೇ ನಿಯಮ, ಗಟ್ಟಿ ಜಾಗದಲ್ಲೇ ನಡೀಬೇಕು, ಹುಲ್ಲು ತುಳಿಯುದಕ್ಕಿಂತ ಕಲ್ಲಿನ ಮೇಲೆ ಕಾಲಿಡುದು ಒಳ್ಳೇದು. ಹೇಳ್ತಾ ಹೇಳ್ತಾ ನಾನೇ ಒಂದು ಮುರಕಲ್ಲಿನ, ಅಂದ್ರೆ ಕೆಂಪು ಕಲ್ಲಿನ, ಪಾರೆಗೆ (ಹಾಸುಬಂಡೆಗೆ) ಹತ್ತಿ ನಿಂತೆ. "ಅಕ್ಕಾ, ಕಾಲು!" ಅಂತ ಒಬ್ಬಳು ಕಿರುಚಿದ್ಳು, ನಾನು ಹಾವೇ ಅಂತ ಹಾರಿದೆ. ಹಾವಲ್ಲ, ಡ್ರೊಸೆರಾ. ಬೆರಳುದ್ದದ ಗಿಡ, ಎಲೆ ತುಂಬ ಕೆಂಪು ಕೂದಲು, ಕೂದಲ ತುದೀಲಿ ಅಂಟಿನ ಹನಿ, ಹುಳ ಕೂತ್ರೆ ಹೋಯ್ತು. ಐದಾರು ಗಿಡ ನನ್ನ ಬೂಟಿನಡಿ ಅಪ್ಪಚ್ಚಿ. ಪಾರೆ ಬೇಸಗೆಯಲ್ಲಿ ಬರೀ ಕಲ್ಲು, ಮಳೆಗಾಲದಲ್ಲಿ ಅದರ ಮೇಲೆ ಒಂದೆರಡು ಇಂಚು ಮಣ್ಣು, ನೀರು ಜಿನುಗುವ ಕಡೆಯಲ್ಲೆಲ್ಲ ಡ್ರೊಸೆರಾ, ಮತ್ತೆ ಮಲಯಾಳದಲ್ಲಿ ಕಾಕ್ಕಪ್ಪೂ ಅಂತಾರಲ್ಲ ಆ ನೀಲಿ ಹೂ. ಎರಡೂ ಹುಳ ಹುಪ್ಪಟೆ ಹಿಡಿದು ತಿನ್ನುವ ಜಾತಿ, ಮಣ್ಣಲ್ಲಿ ಸಾರ ಇಲ್ಲ ಅಂತಲೇ ಅವಕ್ಕೆ ಈ ಉಪಾಯ. ಗಟ್ಟಿ ಜಾಗ ಅಂತ ನಾನು ತೋರಿಸಿದ್ದೇ ಇಡೀ ಪದವಿನಲ್ಲಿ ಸೂಕ್ಷ್ಮದ ಜಾಗ! ಮಕ್ಕಳು ಪಾಪ ಏನೂ ಹೇಳ್ಲಿಲ್ಲ, ಆದ್ರೆ ಆಮೇಲೆ ನನ್ನ ಕಾಲನ್ನೇ ನೋಡ್ತಿದ್ರು.

ಕಂಡದ್ದನ್ನು ಅಲ್ಲೇ ಬಿಡಿ ಅನ್ನುವಾಗ ಒಬ್ಬನ ಕಿಸೆಯಲ್ಲಿ ಆಗಲೇ ಒಂದು ಮುಷ್ಟಿ ಕಾಕ್ಕಪ್ಪೂ ಇತ್ತು, ತಂಗಿಯ ಶಾಲೆಯ ಪೂಕಳಕ್ಕೆ, ಅಂದ್ರೆ ಓಣಂನ ಹೂವಿನ ರಂಗೋಲಿಗೆ. ನಾನು ನೋಡದ ಹಾಗೆ ಮಾಡಿದೆ. ಬಾಳೆಹಣ್ಣಿನ ಸಿಪ್ಪೆ ದನ ತಿನ್ನುದಿಲ್ವಾ ಅನ್ನುವ ವಾದ ಬೇರೆ, ಅದು ಇವತ್ತಿಗೂ ತೀರ್ಮಾನ ಆಗ್ಲಿಲ್ಲ ಬಿಡಿ.

ಮತ್ತೆ ಬಂದದ್ದು ಕಕ್ಕಸಿನ ವಿಷಯ. ನಿಜ ಹೇಳ್ತೇನೆ, ಹುಡುಗರ ಎದುರು ಹೇಳ್ಲಿಕ್ಕೆ ನಾಚಿಕೆ ಆಗಿ ಒಂದೇ ಉಸಿರಲ್ಲಿ ಓಡಿಸಿಬಿಟ್ಟೆ, ನೀರಿಂದ 200 ಅಡಿ ಅಂದ್ರೆ 70 ಹೆಜ್ಜೆ ದೂರ ಹೋಗಿ 6ರಿಂದ 8 ಇಂಚು ಆಳದ ಗುಂಡಿ ತೋಡಿ ಆಮೇಲೆ ಮಣ್ಣು ಮುಚ್ಚಬೇಕು, ಮುಂದಿನದ್ದು ಬೆಂಕಿ ವಿಷಯ ಅಂತ. ಆಗ ಒಬ್ಬ ಎದ್ದು ನಿಂತ. ಅವನ ಅಪ್ಪ ಕಲ್ಲುಕೋರೆಯ ಕೆಲಸಕ್ಕೆ ಹೋಗುವವರು. "ಅಕ್ಕ, ಇಲ್ಲಿ 6 ಇಂಚು ತೋಡ್ಬೇಕಾದ್ರೆ ಪಿಕ್ಕಾಸು ಬೇಕು. ಅರ್ಜೆಂಟ್ ಇದ್ದವ ತೋಡಿ ಮುಗಿಸುವಾಗ..." ಅಂತ ಅರ್ಧಕ್ಕೆ ನಿಲ್ಲಿಸಿದ. ಇನ್ನೊಬ್ಬ, 70 ಹೆಜ್ಜೆ ಯಾವ ಕಡೆಗೆ ಹೋದ್ರೂ ನೀರೇ ಉಂಟಲ್ಲ ಅಂದ. ಹೌದು, ಸುತ್ತ ನೋಡಿದ್ರೆ ಇಡೀ ಪದವು ಪಳಪಳ ಹೊಳೀತಿತ್ತು. ಅಮೆರಿಕದಲ್ಲಿ ಮೌಂಟ್ ವಿಟ್ನಿ ಹತ್ತುವವರು ತಮ್ಮದನ್ನು ಚೀಲದಲ್ಲಿ ಕಟ್ಟಿ ಕೆಳಗೆ ತರ್ಬೇಕು, ಅದು ಅಲ್ಲಿಯ ರೂಲು ಅಂದೆ. ನಂಬ್ಲೇ ಇಲ್ಲ.

ಇಳಿಯುವಾಗ ಹುಡುಗಿಯರಲ್ಲಿ ಒಬ್ಬಳು ನನ್ನ ಹತ್ತಿರ ನಡೀತಾ ಮೆಲ್ಲ ಹೇಳಿದ್ಳು, "ನಾವು ಐದು ಜನ ಬೆಳಿಗ್ಗೆಯಿಂದ ನೀರು ಕುಡೀಲಿಲ್ಲ ಅಕ್ಕ. ಹೋಗುದೆಲ್ಲಿಗೆ?"

ಅವಳ ಬಾಟ್ಲಿ ನೋಡಿದೆ. ತುಂಬಿದ್ದು ಹಾಗೇ ಇತ್ತು. ನಾನೂ ಎಷ್ಟೋ ಟ್ರೆಕ್‌ನಲ್ಲಿ ಹೀಗೇ ಬಾಯಿ ಒಣಗಿಸಿಕೊಂಡು ನಡೆದವಳು, ಆದ್ರೂ ನನ್ನ ಪ್ರಿಂಟೌಟ್‌ನಲ್ಲಿ ಈ ಮಾತಿಗೆ ಜಾಗ ಇರ್ಲಿಲ್ಲ, ಇದ್ದ ಎರಡು ಸಾಲನ್ನೂ ನಾನು ನಾಚಿಕೆಯಲ್ಲಿ ಓಡಿಸಿಬಿಟ್ಟಿದ್ದೆ.

ಗುಡ್ಡದ ಬುಡದಲ್ಲಿ ಒಂದು ಮನೆ. ಕೇಳುವ ಅಂತ ಹೋದೆವು. ಅಲ್ಲಿಯ ಅಜ್ಜಿ ಎಲ್ಲ ಕೇಳಿಸಿಕೊಂಡು, ಉತ್ತರ ಕೊಡದೆ ನಮ್ಮನ್ನು ಹಿತ್ತಲಿಗೆ ಕರ್ಕೊಂಡು ಹೋದ್ರು. ಗುಡ್ಡದ ಹೊಟ್ಟೆಗೆ ಅಡ್ಡ ಕೊರೆದ ಸುರಂಗ, ಆಳು ಹೋಗುವಷ್ಟು ಎತ್ತರ, ಒಳಗಿಂದ ಬರುವ ನೀರು ಪೈಪಿನಲ್ಲಿ ಸಣ್ಣಕ್ಕೆ ತೊಟ್ಟಿಗೆ ಬೀಳ್ತಿತ್ತು. ಮೊದಲು ಪೈಪಿನ ಬದಲು ಅಡಿಕೆ ಮರ ಸೀಳಿ ಮಾಡಿದ ದಂಬೆ ಇತ್ತಂತೆ. ಪಂಪು ಬೇಡ, ಕರೆಂಟು ಬೇಡ, ಮೇಲೆ ಬಿದ್ದ ಮಳೆ ಮುರಕಲ್ಲಿನ ಒಳಗಿಂದ ಇಳಿದು ಬರುದು.

"ನೀವು ಮೇಲೆ ಮಾಡಿದ್ದು ನಾವು ಇಲ್ಲಿ ಕುಡಿಯುದು ಮಗಾ" ಅಂದ್ರು ಅಜ್ಜಿ.

ಹುಡುಗರ್ಯಾರೂ ನಗ್ಲಿಲ್ಲ. ಆಮೇಲೆ ಅಜ್ಜಿ ಬಾತ್‌ರೂಮಿನ ಚಿಲಕ ತೋರಿಸಿದ್ರು, ಎಲ್ಲರಿಗೂ ಮಜ್ಜಿಗೆ ಕೊಟ್ರು. ಮರುದಿನದಿಂದ ಹತ್ತುವ ಮೊದಲು ಒಮ್ಮೆ, ಮಧ್ಯಾಹ್ನ ಊಟಕ್ಕೆ ಇಳಿದಾಗ ಒಮ್ಮೆ ಅಲ್ಲಿಗೆ ಅಂತ ಆಯ್ತು, ಕೆಲಸದ ಟೈಮ್ ದಿನಕ್ಕೆ ಒಂದು ಗಂಟೆ ಹೋಗ್ತದೆ ಅಂತ ನಮ್ಮನ್ನು ಸೇರಿಸಿದವರ ಕಡೆಯಿಂದ ಸ್ವಲ್ಪ ಕಿರಿಕಿರಿ ಬಂತು, ಬರ್ಲಿ. ಬಕೆಟಿಗೆ ನೀರು ಹೊರುವ ಕೆಲಸ ಹುಡುಗರದ್ದು. ನಾವು ಗೇಟು ದಾಟುವಾಗಲೇ ಅಜ್ಜಿ ಒಳಗಿಂದ ಕೂಗಿ ಕೇಳ್ತಿದ್ರು, "ಇವತ್ತು ಎಷ್ಟು ಜನ?"