ಮಳೆಗಾಲದ ಮೊಳಕೆ ಮೇವು: ಬೂಷ್ಟು ಕೊನೆಗೂ ಹತೋಟಿಗೆ ಬಂದಿದೆ

ಮಲೆನಾಡಿನ ಆಷಾಢದ ಮಳೆಯಲ್ಲೂ ಕೋಳಿಗಳ ಹಸಿರು ಮೇವಿಗೆಂದು ಮೆಕ್ಕೆಜೋಳದ ಮೊಳಕೆಯನ್ನು ಬೂಷ್ಟು ಹಿಡಿಯದಂತೆ ಬೆಳೆಸಬಹುದೆಂದು ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಕಾಳು ನೆನೆಹಾಕುವುದು, ಗೋಣಿತಾಟಿನಲ್ಲಿ ಕಟ್ಟಿಡುವುದು, ತಟ್ಟೆಗೆ ಹರಡುವುದು ಕೋಳಿ ಸಾಕುವವರಿಗೆಲ್ಲ ಗೊತ್ತಿರುವ ಕೆಲಸಗಳಾದ್ದರಿಂದ ಅವನ್ನು ಬಿಟ್ಟು, ತಟ್ಟೆಗೆ ಹಾಕಿದ ಮೂರನೆಯ ದಿನ ಎದುರಾಗುವ ತೊಂದರೆಗೇ ನೇರವಾಗಿ ಬರುತ್ತೇನೆ.

ಆ ಹೊತ್ತಿಗೆ ತಟ್ಟೆಯ ನಡುವೆ ಬೆರಳು ತೂರಿಸಿದರೆ ಬಿಸಿ ತಾಗುತ್ತದೆ. ಮೊಳೆಯುವ ಕಾಳು ಉಸಿರಾಡುತ್ತಾ ಶಾಖ ಬಿಡುತ್ತದೆ. ಹೊರಗಿನ ಗಾಳಿಯೇ ತೇವದಿಂದ ತುಂಬಿರುವಾಗ ಶಾಖವೂ ಪಸೆಯೂ ಒಳಗೇ ಉಳಿದು, ಒಡೆದ ಕಾಳಿನಿಂದ ಹೊರಬಿದ್ದ ಬಿಳಿ ಹಿಟ್ಟಿನ ಮೇಲೆ ಬೂಷ್ಟು ಮೊದಲು ಕೂರುತ್ತದೆ. ಮೂಲ ಅಲ್ಲಿದೆ ಎಂದು ತಿಳಿದ ಮೇಲೆ ಅಂಗಡಿಯವರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮೇಲೆ ಹೊಳೆಯುವ ಕಾಳು ತೋರಿಸಿ, ಚೀಲದ ತಳದಲ್ಲಿ ನುಚ್ಚು ತುಂಬಿ ಕೊಡುವುದು ಯಾವ ನ್ಯಾಯ? ಬಿತ್ತನೆ ಬೀಜ ಚೆನ್ನಾಗಿ ಮೊಳೆಯುತ್ತದೆಂದು ಅದನ್ನೇ ಕೊಳ್ಳುವಂತೆಯೂ ಇಲ್ಲ, ಏಕೆಂದರೆ ಅದರ ಕೆಂಪು ಲೇಪನ ಶಿಲೀಂಧ್ರನಾಶಕ ವಿಷ.

ಈಗಿನ ಕ್ರಮ ಹೀಗಿದೆ. ಕಾಳನ್ನು ಮೊರದಲ್ಲಿ ಕೇರಿ ನುಚ್ಚನ್ನೆಲ್ಲ ತೆಗೆದು, ಉಪ್ಪುನೀರಿನಲ್ಲಿ ತೇಲಿದ ಜೊಳ್ಳನ್ನು ಬಳಿದುಹಾಕಿ, ತೊಳೆದು, ಸುಣ್ಣದ ತಿಳಿಯಲ್ಲಿ ಒಂದು ಗಂಟೆ ಇಟ್ಟು ಮತ್ತೆ ತೊಳೆದು, ಅನಂತರವೇ ರಾತ್ರಿಯಿಡೀ ನೆನೆಹಾಕುತ್ತೇನೆ. ಸುಣ್ಣದ ಕಟು ಕ್ಷಾರಕ್ಕೆ ಸಿಪ್ಪೆಯ ಮೇಲಿನ ಬೂಷ್ಟಿನ ಬೀಜಾಣುಗಳು ಒಂದಷ್ಟು ಸಾಯುತ್ತವೆ. ಆದರೆ ಸುಣ್ಣಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ತೆಳು ಹರವು: ಬೇಸಿಗೆಯಲ್ಲಿ ನಡೆಯುವ ದಪ್ಪವನ್ನು ಬಿಟ್ಟು, ಒಂದೂವರೆ ಕಾಳಿನ ದಪ್ಪಕ್ಕಷ್ಟೇ ಹರಡಿ, ತೂತಿನ ತಟ್ಟೆಯನ್ನು ಒಂದು ಬದಿಗೆ ವಾಲಿಸಿಟ್ಟಾಗ ನಡುವಿನ ಬಿಸಿಯೇ ನಿಂತುಹೋಯಿತು.

ಬೇರಿನ ಸುತ್ತ ಕಾಣುವ ಬಿಳಿ ನವಿರನ್ನು ಬೂಷ್ಟೆಂದು ತಿಳಿದು ತಟ್ಟೆಯನ್ನೇ ತಿಪ್ಪೆಗೆ ಸುರಿಯುವವರಿದ್ದಾರೆ. ನೀರು ಚಿಮುಕಿಸಿ ನೋಡಿ: ಬೇರುರೋಮವಾದರೆ ಒದ್ದೆಯಾಗಿ ಬೇರಿಗೆ ಅಂಟಿ ಕಾಣದಾಗುತ್ತದೆ, ಬೂಷ್ಟಾದರೆ ಜೇಡರಬಲೆಯಂತೆ ಕಾಳಿನಿಂದ ಕಾಳಿಗೆ ಹೆಣೆದುಕೊಂಡೇ ಇರುತ್ತದೆ, ಮುಗ್ಗಲು ವಾಸನೆಯೂ ಬರುತ್ತದೆ.

ಬೂಷ್ಟು ಹಿಡಿದದ್ದನ್ನು ತೊಳೆದು ಹಾಕಬಾರದು, ಬೇಯಿಸಿಯೂ ಹಾಕಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಿಂದ. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು ಆ ಸಾವುಗಳ ಬೆನ್ನು ಹಿಡಿದು ಹೋದಾಗ. ಅದು ಅಡುಗೆಯ ಬಿಸಿಗೆ ಅಳಿಯುವ ವಿಷವಲ್ಲ. ಅದಕ್ಕಾಗಿಯೇ ನನ್ನ ಮಿಶ್ರಣದಲ್ಲಿ ಮಳೆಗಾಲಕ್ಕೆ ಕಡಲೆಕಾಯಿ ಹಿಂಡಿ ಇಲ್ಲ. ಮೊಟ್ಟೆಯಿಡುವ ಗಿರಿರಾಜ ತಳಿಯ ಹೇಂಟೆಗಳಿಗೆ 100 ಕಿಲೋ ಆಹಾರದಲ್ಲಿ ಮೆಕ್ಕೆಜೋಳದ ನುಚ್ಚು 50, ಸೋಯಾ ಹಿಂಡಿ 20, ಅಕ್ಕಿ ತೌಡು 15, ಉಪ್ಪಿಲ್ಲದ ಒಣಮೀನು 5, ಕಪ್ಪೆಚಿಪ್ಪಿನ ಪುಡಿ 8 ಕಿಲೋ, ಉಳಿದದ್ದು ಖನಿಜ ಮಿಶ್ರಣ ಮತ್ತು ಸ್ವಲ್ಪ ಉಪ್ಪು. ಪ್ರೋಟೀನು ಶೇಕಡ 17ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಸಿ ಸೋಯಾ ಕಾಳನ್ನು ಹುರಿಯದೆ ಬೀಸಿ ಸೇರಿಸಿದರೆ ಪ್ರೋಟೀನು ಸರಿಯಾಗಿ ಜೀರ್ಣವಾಗುವುದಿಲ್ಲ, ಹಾಗಾಗಿ ಹಿಂಡಿಯೇ ಲೇಸು.

ಮೊಳಕೆಯನ್ನು ಈ ಆಹಾರದ ಬದಲಿಗೆ ಕೊಡುವುದಲ್ಲ. ಒಂದು ಕಿಲೋ ಕಾಳಿಗೆ 5–6 ಕಿಲೋ ಮೇವು ಬರುತ್ತದೆಂಬ ಮಾತು ನಿಜವಾದರೂ ಹೆಚ್ಚಿದ ತೂಕವೆಲ್ಲ ನೀರು. ಒಣತೂಕ ಮೊದಲಿಗಿಂತ ತುಸು ಇಳಿದೇ ಇರುತ್ತದೆ. ಹಸಿರಿನಿಂದ ಸಿಗುವುದು ಜೀವಸತ್ವ, ಮೊಟ್ಟೆಯ ಹಳದಿ ಭಾಗಕ್ಕೆ ಒಳ್ಳೆಯ ಬಣ್ಣ, ಮತ್ತು ಮಳೆಗೆ ಗೂಡಿನಲ್ಲೇ ಕುಳಿತ ಹೇಂಟೆಗಳಿಗೆ ಕೊಕ್ಕಾಡಿಸಲು ಒಂದು ಕೆಲಸ. ಅಷ್ಟಾದರೆ ಒಂದರ ಗರಿ ಇನ್ನೊಂದು ಕೀಳುವುದು ಕಡಿಮೆಯಾಗುತ್ತದೆ. ಎಂಟು ದಿನ ಬೆಳೆಸಿದ ಬೇರಿನ ಚಾಪೆ ಹಸುವಿಗೆ ಸರಿ, ಕೋಳಿಯ ಕತ್ತಿನ ಬುಡದ ಮೇವುಚೀಲದಲ್ಲಿ ಅದು ಉಂಡೆಗಟ್ಟಬಹುದು. ಆದ್ದರಿಂದ ಐದನೆಯ ದಿನವೇ ಕತ್ತರಿಸಿ ಮಧ್ಯಾಹ್ನ ಹಾಕುತ್ತೇನೆ.

ಮುಂದಿನದು ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ. ತೋಟದ ಅಂಚಿನಲ್ಲಿ ಗುಂಡಿ ತೋಡಿ ಟಾರ್ಪಾಲು ಹಾಸಿಯಾಗಿದೆ, ಸಗಣಿ ನೀರು ಬೆರೆಸುವುದು ಬಾಕಿ. ಒಣತೂಕದಲ್ಲಿ ಶೇಕಡ 20ಕ್ಕಿಂತ ಹೆಚ್ಚು ಪ್ರೋಟೀನು ಇರುವ ಈ ಜರಿಗಿಡ ನೆಲೆಯೂರಿದರೆ ಸೋಯಾ ಹಿಂಡಿಯ ಖರ್ಚು ಒಂದಿಷ್ಟು ಇಳಿಯುತ್ತದೆ. ತಟ್ಟೆಗಳಲ್ಲಿ ಮುಂದಿನ ಸರದಿ ರಾಗಿಯದು. ಬಿಳಿಜೋಳವನ್ನು ಮಾತ್ರ ಹಾಕುವುದಿಲ್ಲ, ಅದರ ಎಳೆ ಪೈರಿನಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ.