ಮೊನಾಕೊ ಟ್ರೇನು ನಮ್ಮದಲ್ಲ ಅಂತ ಕೂತಿದ್ವಿ

ಇಟಲಿ ಸುತ್ತಾಡ್ಕೊಂಡು ವಾಪಸ್ ಮ್ಯೂನಿಕ್‌ಗೆ ಬರೋಕೆ ನಾನು ನನ್ನ ರೂಮ್‌ಮೇಟು ವೆರೋನಾ ಸ್ಟೇಷನ್ನಲ್ಲಿ ಕಾಯ್ತಾ ಕೂತಿದ್ವಿ. ಬೋರ್ಡಲ್ಲಿ ಮ್ಯೂನಿಕ್ಕೂ ಇಲ್ಲ, ಜರ್ಮನ್ ಹೆಸರು ಮ್ಯುನ್ಶೆನ್ನೂ ಇಲ್ಲ, ಒಂದು ಟ್ರೇನ್ ಮೊನಾಕೊ ಅಂತ ತೋರಿಸ್ತಿತ್ತು, ಅದು ಫ್ರಾನ್ಸ್ ಪಕ್ಕ ಸಮುದ್ರದ ದಂಡೇಲಿರೋ ದುಡ್ಡಿರೋರ ಪುಟ್ಟ ದೇಶ ಅಲ್ವಾ ನಮಗ್ಯಾಕೆ ಅಂತ ಆರಾಮಾಗಿ ಕೂತೇ ಇದ್ವಿ, ಅದು ಕಣ್ಮುಂದೇನೇ ಹೊರಟೋಯ್ತು. ಕೌಂಟರಲ್ಲಿ ಕೇಳಿದ್ರೆ ಅದೇ ನಮ್ಮ ಟ್ರೇನಂತೆ! ಇಟಾಲಿಯನ್ನರಿಗೆ ಮ್ಯೂನಿಕ್ ಅಂದ್ರೆ 'ಮೊನಾಕೊ ದಿ ಬವಿಯೇರಾ', ಬವೇರಿಯಾದ (ಮ್ಯೂನಿಕ್ ಇರೋ ಜರ್ಮನ್ ರಾಜ್ಯ) ಮೊನಾಕೊ.

ಅವರದ್ದೇನೂ ತಪ್ಪಿಲ್ಲ ಬಿಡಿ. ಇಟಾಲಿಯನ್ನಲ್ಲಿ ಮೊನಾಕೊ ಅಂದ್ರೆ ಸನ್ಯಾಸಿ, ಮ್ಯೂನಿಕ್ ಹೆಸರಿನ ಮೂಲಾನೂ ಅದೇ. ಉಪ್ಪಿನ ಗಾಡಿಗಳ ಸುಂಕ ಯಾರಿಗೆ ಅಂತ ಬವೇರಿಯಾ ಆಳ್ತಿದ್ದ ಡ್ಯೂಕ್ ಹೆನ್ರಿಗೂ ಹತ್ತಿರದ ಫ್ರೈಸಿಂಗ್ ಊರಿನ ಬಿಷಪ್ಪಿಗೂ ಜಗಳ ಬಿದ್ದು, ಚಕ್ರವರ್ತಿ ಬಾರ್ಬರೋಸಾ 1158ರ ಜೂನ್ 14ಕ್ಕೆ ಪಂಚಾಯ್ತಿ ಮಾಡಿ ಬರೆಸಿದ ಪತ್ರದಲ್ಲಿ ಊರಿನ ಹೆಸರು 'ಮುನಿಖೆನ್', ಅಂದ್ರೆ ಸನ್ಯಾಸಿಗಳು ಇರೋ ಜಾಗ. (ಇದಕ್ಕೂ ನಮ್ಮ 'ಮುನಿ'ಗೂ ಸಂಬಂಧ ಇಲ್ಲ, ದಯವಿಟ್ಟು ವಾಟ್ಸಾಪಲ್ಲಿ ಫಾರ್ವರ್ಡ್ ಮಾಡ್ಬೇಡಿ. ಮುನಿಖೆನ್‌ನ ಬೇರು ಗ್ರೀಕ್ ಭಾಷೇಲಿ 'ಒಬ್ಬನೇ' ಅನ್ನೋ ಪದ.) ಊರಿನ ಲಾಂಛನದಲ್ಲಿ ಇವತ್ತಿಗೂ ಕಪ್ಪು ನಿಲುವಂಗಿಯ ಸನ್ಯಾಸಿ ಇದ್ದಾನೆ. ಹಾಗೆ ನೋಡಿದ್ರೆ ಇಂಗ್ಲಿಷ್‌ನೋರ ಮ್ಯೂನಿಕ್ಕೇ ಈಗಿನ ಜರ್ಮನ್ ಹೆಸರಿಗಿಂತ ಆ ಹಳೇ ಪತ್ರಕ್ಕೆ ಹತ್ತಿರ.

ಈಗಿನ ಹೆಸರು ಹೇಳೋದು ದೊಡ್ಡ ಸರ್ಕಸ್ಸು. ನಾನು ಮುಂಚನ್ ಅಂದೆ, ಮುಂಖೆನ್ ಅಂದೆ, ಯಾರಿಗೂ ಅರ್ಥ ಆಗ್ಲಿಲ್ಲ. ಕೊನೆಗೆ ಪಕ್ಕದ ಮನೆ ಅಜ್ಜಿ ಮೆಟ್ಟಿಲ ಹತ್ರ ನಿಲ್ಲಿಸ್ಕೊಂಡು ಹೇಳ್ಕೊಟ್ರು, ತುಟಿ 'ಉ' ಅನ್ನೋ ಹಾಗೆ ಗುಂಡಗೆ ಇಟ್ಕೋ, ನಾಲಿಗೇಲಿ 'ಇ' ಅನ್ನು. ಕನ್ನಡಿ ಮುಂದೆ ಸೀಟಿ ಹೊಡೆಯೋನ ಥರ ಮೂತಿ ಮಾಡ್ಕೊಂಡು ವಾರಗಟ್ಟಲೆ ಅಭ್ಯಾಸ ಮಾಡಿದೆ. ಆಮೇಲೆ ಗೊತ್ತಾಯ್ತು, ಮುನಿಖೆನ್ ಒಳಗಿದ್ದ 'ಇ' ಕಾಲಕ್ರಮೇಣ ಬಿದ್ದೋಯ್ತು, ಆದ್ರೆ ಹೋಗೋಕೆ ಮುಂಚೆ ಹಿಂದಿನ 'ಉ'ನ ತನ್ನ ಕಡೆ ಎಳ್ಕೊಂಡಿತ್ತು, ನನ್ನ ಮೂತಿ ಸೊಟ್ಟಗಾಗಿದ್ದು ಅದಕ್ಕೆ!

ಒಂದಿನ ಅಜ್ಜಿ ಮುಂದೆ ಸರಿಯಾಗಿ ಹೇಳ್ದೆ. ಖುಷಿಯಾಗಿ ತಲೆ ಆಡಿಸಿ, ಆದ್ರೆ ನಾವು ಮನೇಲಿ 'ಮಿಂಗಾ' ಅಂತೀವಿ ಅಂದ್ರು. ಬವೇರಿಯನ್ನರ ಆಡುಮಾತಲ್ಲಿ ಈ ಹೆಸರಿನ ಆ ತುಟಿ ಗುಂಡಗೆ ಮಾಡೋ ಸ್ವರ ಬರೀ 'ಇ' ಆಗ್ಬಿಟ್ಟಿದೆಯಂತೆ. ಪಕ್ಕದಲ್ಲಿದ್ದ ನನ್ನ ತೆಲುಗು ರೂಮ್‌ಮೇಟ್ ಬಿದ್ದು ಬಿದ್ದು ನಕ್ಕ, ಅವರಲ್ಲಿ ಮಿಂಗು ಅಂದ್ರೆ ನುಂಗು.