ಜೇನು ಒಟ್ಟಿಗೆ ಬಾಳಲು ಶುರುಮಾಡಿದ್ದನ್ನು ಯಾರು ನೋಡಿದರು?

ಜೇನಿನ ಮಾತು ತೆಗೆದಲ್ಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ರೆಕ್ಕೆ, ಕಾಲು ಕಲ್ಲಿನಲ್ಲಿ ಅಚ್ಚಾಗಿ ಉಳಿಯಬಹುದು, ನಡವಳಿಕೆ ಉಳಿಯುವುದಿಲ್ಲ ಅಲ್ವಾ? ಹಾಗಿದ್ದ ಮೇಲೆ ರಾಣಿ, ಕೆಲಸಗಾರರು ಅನ್ನುವ ಏರ್ಪಾಡು ಹೇಗೆ ಹುಟ್ಟಿತು ಅಂತ ಹೇಳುವುದು ಹೇಗೆ?

ಹುಟ್ಟಿದ್ದನ್ನು ಯಾರೂ ನೋಡಿಲ್ಲ. ಆದರೆ ಈಗಿರುವ ಜೇನುಗಳನ್ನು ನೋಡಬಹುದು. ಹೆಜ್ಜೇನು, ತುಡುವೆ, ಕೋಲುಜೇನು ಇಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದಿಲ್ಲ. ಅವು ಒಂಟಿಯಾಗಿ ಬದುಕುವುದನ್ನೇ ಬಿಟ್ಟಿವೆ. ಲೋಕದಲ್ಲಿ ಸುಮಾರು 20,000 ಜಾತಿಯ ಜೇನುಗಳಿದ್ದು, ಅವುಗಳಲ್ಲಿ ಹೆಚ್ಚಿನವು ಒಂಟಿ. ಹೆಣ್ಣು ತಾನೇ ಗೂಡು ಕೊರೆಯುತ್ತದೆ, ಪರಾಗ ತುಂಬುತ್ತದೆ, ಮೊಟ್ಟೆ ಇಟ್ಟು ಮುಚ್ಚುತ್ತದೆ. ನನ್ನ ಪ್ರಕಾರ ಸುಳಿವು ಇರುವುದು ಇವುಗಳಲ್ಲೇ.

ಜಪಾನಿನ ಕೀಟ ವಿಜ್ಞಾನಿಗಳಾದ ಸಕಾಗಾಮಿ ಮತ್ತು ಮಾಯೆಟಾ ಒಳ್ಳೆಯ ಕಿತಾಪತಿ ಮಾಡಿದರು. ಸೆರಾಟಿನಾ ಎಂಬ ಪುಟ್ಟ ಜೇನು ಒಣಕಡ್ಡಿಯ ತಿರುಳು ಕೊರೆದು ಸಾಮಾನ್ಯವಾಗಿ ಒಂಟಿಯಾಗಿ ಬಾಳುತ್ತದೆ. ಇವರು ಪಂಜರದಲ್ಲಿ ಗೂಡಿಗೆ ಜಾಗ ಕಮ್ಮಿ ಮಾಡಿ, ಎರಡು ಹೆಣ್ಣುಗಳು ಒಂದೇ ಗೂಡಿನಲ್ಲಿ ಇರಬೇಕಾದ ಸ್ಥಿತಿ ತಂದರು. ಕೆಲವು ಜೋಡಿಗಳಲ್ಲಿ ಕೆಲಸ ತಾನಾಗಿ ಹಂಚಿಹೋಯಿತು. ಒಂದು ಬಾಗಿಲು ಕಾಯುತ್ತಾ ಮೊಟ್ಟೆ ಇಡುವುದನ್ನು ವಹಿಸಿಕೊಂಡಿತು, ಇನ್ನೊಂದು ಹೊರಗೆ ಹೋಗಿ ಪರಾಗ ತಂದಿತು. ಯಾರೂ ಕಲಿಸಿರಲಿಲ್ಲ. ಅಂದರೆ ರಾಣಿ ಮತ್ತು ಆಳಿನ ಒಂದು ಕರಡು ಒಂಟಿ ಜೇನಿನ ಒಳಗೇ ಮಲಗಿದೆ.

ಹ್ಯಾಲಿಕ್ಟಸ್ ರೂಬಿಕುಂಡಸ್ ಇನ್ನೂ ಸ್ವಾರಸ್ಯದ್ದು. ಇದು ನೆಲದಲ್ಲಿ ಬಿಲ ತೋಡುವ ಜೇನು. ಬೆಚ್ಚಗಿನ ಊರಲ್ಲಿ ಬೇಸಿಗೆ ಉದ್ದ, ವರ್ಷಕ್ಕೆ ಎರಡು ಸಂತಾನ ಸಾಧ್ಯ. ಮೊದಲು ಹುಟ್ಟಿದ ಮಗಳು ತಾಯಿಗೆ ಕೆಲಸಗಾರಳಾಗುತ್ತಾಳೆ. ಚಳಿಯ ಊರಲ್ಲಿ ಒಂದೇ ಸಂತಾನಕ್ಕೆ ಸಮಯ, ಆದ್ದರಿಂದ ಒಂಟಿ ಬಾಳು. ವಿಜ್ಞಾನಿ ಜೆರೆಮಿ ಫೀಲ್ಡ್ ಮತ್ತು ಜೊತೆಗಾರರು ಬ್ರಿಟನ್ನಿನ ಉತ್ತರದ ತಂಪು ಜಾಗದ ಜೇನನ್ನು ದಕ್ಷಿಣ ಇಂಗ್ಲೆಂಡಿಗೆ ಒಯ್ದರು. 2010ರಲ್ಲಿ ಫಲಿತಾಂಶ ಬಂತು: ಒಂಟಿಗಳ ಕೆಲವು ಗೂಡುಗಳಲ್ಲಿ ಕೆಲಸಗಾರರು ಕಾಣಿಸಿಕೊಂಡರು! ತಲೆಮಾರುಗಟ್ಟಲೆ ಕಾಯಬೇಕಾಗಿರಲಿಲ್ಲ, ಬಿಸಿಲು ಸಾಕಾಯಿತು.

ಇಷ್ಟು ಹೇಳಿದ ಮೇಲೆ ಕೆಲವರು "ಹಾಗಾದರೆ ಒಂಟಿ ಜೇನು ಅಂದರೆ ಹೆಜ್ಜೇನಿನ ಅಜ್ಜಿ" ಅನ್ನುತ್ತಾರೆ. ಅಜ್ಜಿ ಅಲ್ಲ, ದೂರದ ದಾಯಾದಿ. ಅದಕ್ಕೇ ನಡವಳಿಕೆ ಒಂದನ್ನೇ ನಂಬಿ ಒಂಟಿ ಬಾಳಿನಿಂದ ಒಟ್ಟು ಬಾಳಿಗೆ ಸುಮ್ನೆ ಏಣಿ ಕಟ್ಟಬಾರದು. ಅದನ್ನು ಡಿಎನ್‌ಎಯಿಂದ ಬರೆದ ವಂಶವೃಕ್ಷದ ಮೇಲೆ ಇಟ್ಟು ನೋಡಬೇಕು. ಹ್ಯಾಲಿಕ್ಟಸ್ ಕುಟುಂಬದಲ್ಲಿ ಹಾಗೆ ನೋಡಿದಾಗ, ಒಟ್ಟು ಬಾಳನ್ನು ಕಲಿತು ಮತ್ತೆ ಬಿಟ್ಟ ಕವಲುಗಳು ಹಲವು ಸಿಕ್ಕಿವೆ. ಹಾಗಾಗಿ ಬಿಲದಲ್ಲಿ ಒಂದೇ ಹೆಣ್ಣು ಕಂಡರೆ, ಅದರ ಪೂರ್ವಿಕರು ಎಂದೂ ಕೂಡಿ ಬಾಳಿಲ್ಲವೋ, ಕೂಡಿದ್ದು ಸಾಕಾಗಿ ಬೇರೆಯಾದರೋ ಅಂತ ಬಿಲ ನೋಡಿ ಹೇಳಲು ಆಗುವುದಿಲ್ಲ.